ಹೊರಗಿನ ಚಿಲಕ

"ಎಡಕ್ಕೆ, ಎಡಕ್ಕೆ! ನಿಮ್ಮೆಡಕ್ಕಲ್ಲ, ನನ್ನೆಡಕ್ಕೆ!" ಎಂದು ಮೊಂಡ ಕೂಗುವಷ್ಟರಲ್ಲಿ ಶವಪೆಟ್ಟಿಗೆಯ ಮೂಲೆ ಬಾಗಿಲ ಚೌಕಟ್ಟಿಗೆ ಬಡಿದು ಒಂದು ಚಕ್ಕೆ ಮರ ಎದ್ದುಹೋಯಿತು. ಹೊತ್ತಿದ್ದ ಆರು ಜನ ನಿಂತಲ್ಲೇ ನಿಂತರು. ಆರೂ ಜನ ಅಗ್ನಿಶಾಮಕ ತರಬೇತಿ ಶಾಲೆಯ ತರಬೇತುದಾರರು. ಉರಿಯುವ ಮನೆಯಿಂದ ಮನುಷ್ಯರನ್ನು ಹೊತ್ತು ತರುವುದನ್ನು ಬೇರೆಯವರಿಗೆ ಕಲಿಸುವವರು.

"ಮೇಷ್ಟ್ರು ಬದುಕಿದ್ದಿದ್ರೆ ಈಗ ಎಲ್ರಿಗೂ ಕಪಾಳಮೋಕ್ಷ," ಎಂದ ಹಿಂದಿದ್ದವನು.

"ಹೊಡೆಯೋದು ಬಿಟ್ಟು ಮೂವತ್ತೊಂದು ವರ್ಷ ಆಗಿತ್ತು. ಬರೀ ಬೈತಿದ್ರು. ಅದಕ್ಕಿಂತ ಎರಡು ಏಟೇ ವಾಸಿ ಅನ್ನಿಸ್ತಿತ್ತು," ಎಂದ ಮೊಂಡ.

ಪೆಟ್ಟಿಗೆಯನ್ನು ಪಾಠದ ಕೋಣೆಯಲ್ಲಿ ಜೋಡಿಸಿಟ್ಟ ಎರಡು ಮೇಜಿನ ಮೇಲೆ ಇಳಿಸಿ ಮುಚ್ಚಳ ತೆಗೆದರು. ಬೆಂಕಿ ಆರಿಸುವವರಿಗೆ ಕಲಿಸುವವರು ಹೇಗೆ ಕಲಿಸಬೇಕು ಎಂಬುದನ್ನು ಮೇಷ್ಟ್ರು ಇದೇ ಕೋಣೆಯಲ್ಲಿ ಇಪ್ಪತ್ತೇಳು ವರ್ಷ ಹೇಳಿಕೊಟ್ಟಿದ್ದರು. ಕೊನೆಗೆ ಶ್ವಾಸಕೋಶ ಕೈಕೊಟ್ಟಿತು. ಬೇರೆ ಬೇರೆ ಠಾಣೆಗಳಿಂದ ಬಂದ ಎಪ್ಪತ್ತು ಎಂಬತ್ತು ತರಬೇತುದಾರರು ಸಮವಸ್ತ್ರದಲ್ಲಿ ಗೋಡೆಗೊರಗಿ ನಿಂತಿದ್ದರು. ಎಲ್ಲರೂ ಅವರ ಗರಡಿಯಲ್ಲಿ ಪಳಗಿದವರೇ.

ಮೊಂಡ ಈಗ ಶಾಲೆಯ ಮುಖ್ಯಸ್ಥ. ಅವನ ಬಲಗೈ ಬೆರಳು ಸುಟ್ಟು ಒಂದಕ್ಕೊಂದು ಅಂಟಿಹೋಗಿದ್ದವು. ಬೇರೆಯವರು ಹಿಂದಿನಿಂದ ಮೊಂಡಗೈ ಅನ್ನುವ ಮೊದಲೇ ಆ ಹೆಸರನ್ನು ಅವನೇ ಇಟ್ಟುಕೊಂಡಿದ್ದ. ಪೆಟ್ಟಿಗೆಯ ತಲೆಯ ಕಡೆ ಮೇಷ್ಟ್ರ ಮಗ ನಿಂತಿದ್ದ. ಲಾರಿ ರಿಪೇರಿ ಮಾಡುವವನು, ಅಪ್ಪನದೇ ಭುಜ, ಅಪ್ಪನದೇ ಮುಂಗೋಪ. ಮುಂದಿನ ಸಾಲಿನ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ ಕೂತಿದ್ದರು.

ಒಬ್ಬ ಹೆಂಗಸು ಏದುಸಿರು ಬಿಡುತ್ತ ಬಂದಾಗ ಎಲ್ಲರೂ ದಾರಿ ಬಿಟ್ಟರು. ಎಲ್ಲರ ಬಾಯಲ್ಲೂ ಅವಳು ಟೈಲರಕ್ಕ. ಅವಳ ತಮ್ಮ ಇದೇ ಶಾಲೆಯಲ್ಲಿ ಕಲಿಯುತ್ತಿದ್ದಾಗ ಹೊಗೆಮನೆಯಲ್ಲಿ ಸತ್ತಿದ್ದ. ಕಾವಿಗೆ ಬಾಗಿಲು ಉಬ್ಬಿ ಸಿಕ್ಕಿಕೊಂಡಿತ್ತು ಎಂದು ವರದಿಯಾಗಿತ್ತು. ಅಂದಿನಿಂದ ಮೇಷ್ಟ್ರು ಅವಳ ಮನೆಯ ಮಾಡು ಸೋರಿದರೆ ಏಣಿ ಹತ್ತಿದರು, ಅವಳ ತಾಯಿ ಹಾಸಿಗೆ ಹಿಡಿದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋದರು.

ಅವಳು ಪೆಟ್ಟಿಗೆಯ ಅಂಚು ಹಿಡಿದು ಅತ್ತಳು. "ಒಬ್ಬ ತಮ್ಮ ಹೋದ ಅಂತ ದೇವರು ಒಬ್ಬ ಅಣ್ಣನ್ನ ಕೊಟ್ಟಿದ್ದ. ಇವರೂ ಹೋಗ್ಬಿಟ್ರು," ಎಂದಳು. ಮೇಷ್ಟ್ರ ಹೆಂಡತಿ ಎದ್ದು ಅವಳ ಬೆನ್ನು ಸವರಿದರು. ಮೊಂಡ ಕಿಟಕಿಯ ಕಡೆ ತಿರುಗಿದ.

*

ಮೂವತ್ತೊಂದು ವರ್ಷದ ಹಿಂದೆ ಮೇಷ್ಟ್ರಿಗೆ ಗುಡುಗು ಎಂಬ ಅಡ್ಡಹೆಸರಿತ್ತು. ಹಗ್ಗದ ಗಂಟು ತಪ್ಪಿದರೆ ಅದೇ ಹಗ್ಗದಿಂದ ಬೆನ್ನಿಗೆ ಬಾರಿಸುತ್ತಿದ್ದರು. ಏಣಿಯ ಮೇಲೆ ಕಾಲು ನಡುಗಿದವನನ್ನು ಕೆಳಗಿನಿಂದ ಕಲ್ಲು ಬೀಸಿ ಹತ್ತಿಸುತ್ತಿದ್ದರು. ಅವರಿಗೆ ಕಲಿಸಿದವರೂ ಹಾಗೇ ಕಲಿಸಿದ್ದರು. ಕಲಿಸುವವನಿಗೂ ಒಂದು ಕಲಿಕೆ ಬೇಕು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಚೆನ್ನಾಗಿ ಬೆಂಕಿ ಆರಿಸುವವನನ್ನು ಹಿಡಿದು "ನಾಳೆಯಿಂದ ನೀನೇ ಮೇಷ್ಟ್ರು" ಅನ್ನುತ್ತಿದ್ದರು, ಅಷ್ಟೆ.

ಹೊಗೆಮನೆ ಎಂದರೆ ಮೈದಾನದ ಮೂಲೆಯಲ್ಲಿದ್ದ ಸಿಮೆಂಟಿನ ಒಂದು ಕೋಣೆ, ಅದಕ್ಕೊಂದು ಕಬ್ಬಿಣದ ಬಾಗಿಲು. ಒಳಗೆ ಹೊಗೆ ಹಾಕಿ ಕಲಿಯುವವರನ್ನು ಬಿಡುತ್ತಿದ್ದರು. ಟೈಲರಕ್ಕನ ತಮ್ಮ ಎರಡು ಸಲ ಅರ್ಧಕ್ಕೇ ಓಡಿಬಂದಿದ್ದ.

"ಹೊಗೆ ಕಂಡ್ರೆ ಓಡೋನಿಗೆ ಈ ಕೆಲಸ ಯಾಕೋ? ಈ ಸಲ ಹೇಗೆ ಓಡಿಬರ್ತೀಯ ನೋಡೇಬಿಡ್ತೀನಿ," ಎಂದು ಗುಡುಗು ಅವನ ಕತ್ತಿನಪಟ್ಟಿ ಹಿಡಿದು ದರದರ ಎಳೆದು ಒಳಗೆ ಒದ್ದರು. ಜೊತೆಗೆ, ಅದೇ ತಂಡದಲ್ಲಿ ಕಲಿಯುತ್ತಿದ್ದ ಮೊಂಡನನ್ನೂ ನೂಕಿದರು. ಇಬ್ಬರ ಮುಖಕ್ಕೂ ಒಂದೊಂದು ಒದ್ದೆ ಬಟ್ಟೆ. ಹೊಗೆ ಸಾಲದೆಂದು ಮೂಲೆಯ ಬೆಂಕಿಗೆ ಹಳೆಯದೊಂದು ಫೋಮ್ ಹಾಸಿಗೆ ಎಸೆದು ಹೊರಗಿನಿಂದ ಚಿಲಕ ಹಾಕಿದರು.

ಫೋಮ್ ಹೇಗೆ ಉರಿಯುತ್ತದೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೂವರೆ ನಿಮಿಷದಲ್ಲಿ ಒಳಗಿನ ಗಾಳಿಯೇ ಹೊತ್ತಿಕೊಂಡಿತು. ಬಾಗಿಲು ಧಡಧಡ ಬಡಿಯತೊಡಗಿತು.

"ಬಡಿ, ಇನ್ನೂ ಬಡಿ!" ಎಂದು ಗುಡುಗು ಹೊರಗಿನಿಂದ ಕೂಗಿದರು. "ಐದು ನಿಮಿಷ ಅಂದ್ರೆ ಐದು ನಿಮಿಷ!"

ಬಡಿತ ನಿಧಾನವಾಯಿತು. ಬಾಗಿಲಿನ ಬಣ್ಣ ಗುಳ್ಳೆಯೆದ್ದು ಸುರುಟಿದಾಗ ಅವರಿಗೆ ಅರ್ಥವಾಯಿತು. ಬರಿಗೈಯಲ್ಲಿ ಚಿಲಕ ಎಳೆದರು. ಅಂಗೈಯ ಚರ್ಮ ಕಬ್ಬಿಣಕ್ಕೆ ಅಂಟಿಕೊಂಡಿತು. ಬಾಗಿಲು ತೆರೆದೊಡನೆ ಬೆಂಕಿ ಎದೆಯೆತ್ತರಕ್ಕೆ ಹೊರನುಗ್ಗಿತು. ಅದರಡಿಯಿಂದ ಮೊಂಡ ತೆವಳಿಕೊಂಡು ಬಂದ. ಅವನ ಬಲಗೈ ಮೋಂಬತ್ತಿಯಂತೆ ಕರಗಿತ್ತು. ಇನ್ನೊಬ್ಬ ಬಾಗಿಲ ಹಿಂದೆಯೇ ಕುಕ್ಕರುಗಾಲಿನಲ್ಲಿ ಕೂತಿದ್ದ. ಕೈ ಸೋತ ಮೇಲೆ ಹಣೆಯಿಂದ ಬಡಿದಿದ್ದ.

ಶಾಲೆಯ ಅಂದಿನ ನಿರ್ದೇಶಕ ಆಸ್ಪತ್ರೆಗೆ ಬಂದು ಗುಡುಗು ಮತ್ತು ಮೊಂಡ ಮಲಗಿದ್ದ ಮಂಚಗಳ ನಡುವೆ ನಿಂತು ಹೇಳಿದ: "ಬಾಗಿಲು ಜಾಮ್ ಆಯ್ತು. ಇಬ್ರೂ ಅದೇ ಹೇಳ್ತೀರಿ. ಚಿಲಕ ಅಂತ ಬಾಯಿಬಿಟ್ರೆ ಇವನು ಜೈಲಿಗೆ, ಕೈ ಇಲ್ಲದ ನೀನು ಬೀದಿಗೆ. ತಿಳೀತಾ?"

ಇಬ್ಬರೂ ಅದನ್ನೇ ಹೇಳಿದರು.

*

ಕೋಣೆಯಲ್ಲಿ ಸೆಕೆ ಏರಿತ್ತು. ನಾಲ್ಕು ತಿಂಗಳ ಹಿಂದಷ್ಟೇ ತರಬೇತುದಾರಳಾದ ಒಬ್ಬಳು ಹುಡುಗಿ ಟೈಲರಕ್ಕನಿಗೆ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತಳು.

"ನೀವು ಮೇಷ್ಟ್ರ ತಂಗಿನಾ?"

"ತಂಗಿ ಇದ್ದ ಹಾಗೇ ಅನ್ಕೊಳಮ್ಮ. ನಿನಗೂ ಅವರೇ ಕಲಿಸಿದ್ದಾ?"

"ನಮ್ಮದೇ ಕೊನೇ ತಂಡ. ಮೂಗಿಗೆ ಆಕ್ಸಿಜನ್ ನಳಿಗೆ ಸಿಕ್ಕಿಸಿಕೊಂಡೇ ಬಂದಿದ್ರು. ಮಿಕ್ಕ ಪಾಠ ಯಾರಾದ್ರೂ ಮಾಡ್ಲಿ, ಮೊದಲನೇದು ಮಾತ್ರ ನಾನೇ ಮಾಡ್ಬೇಕು ಅಂತ ಹಟ. ಎಷ್ಟು ಅತ್ರು ಗೊತ್ತಾ ಅವತ್ತು."

"ಅಳೋವಂಥದ್ದು ಏನು ಪಾಠ?"

"ಚಿಲಕದ್ದು."

"ಯಾವ ಚಿಲಕ?"

ಮನೆಯವರೆಂದ ಮೇಲೆ ಇವರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದಳು ಹುಡುಗಿ. "ಅದೇ, ಹೊಗೆಮನೆ ಬಾಗಿಲಿಗೆ ಅವರೇ ಹೊರಗಿಂದ ಹಾಕಿದ್ರಲ್ಲ. ಒಳಗೆ ಒಬ್ಬರು ತೀರ್ಕೊಂಡ್ರಲ್ಲ, ಹಣೆಯಲ್ಲಿ ಬಾಗಿಲು ಬಡಿದು ಬಡಿದು..."

ಟೈಲರಕ್ಕನ ಕೈಯಲ್ಲಿದ್ದ ಲೋಟ ಓರೆಯಾಯಿತು. ನೀರು ಅವಳ ಮಡಿಲಿಗೆ ಸುರಿಯುತ್ತಿದ್ದರೂ ಅವಳು ಹುಡುಗಿಯ ಬಾಯನ್ನೇ ನೋಡುತ್ತಿದ್ದಳು.

*

ಘಟನೆ ನಡೆದು ನಾಲ್ಕು ವರ್ಷಕ್ಕೆ ಮೇಷ್ಟ್ರು ತಾವೇ ಹಟ ಹಿಡಿದು ತರಬೇತುದಾರರಿಗೆಂದು ಮೊದಲ ತರಗತಿ ತೆರೆದರು. ಹನ್ನೊಂದು ಜನರಲ್ಲಿ ಮೊಂಡನೂ ಒಬ್ಬ. ಅವನು ಆವರೆಗೆ ಉಗ್ರಾಣದಲ್ಲಿ ಹೋಸ್ ಪೈಪು ಸುತ್ತಿಡುವ ಕೆಲಸದಲ್ಲಿದ್ದ. ಒಂದು ಕೈ ಸಾಕು, ಕಲಿಸುವುದಕ್ಕೆ ಬಾಯಿ ಮುಖ್ಯ ಎಂದು ಅವರೇ ಕರೆಸಿಕೊಂಡಿದ್ದರು.

ಮೊದಲ ದಿನ ಅವರು ಬಾಗಿಲು ಮುಚ್ಚಿಸಿ ನಡೆದದ್ದನ್ನೆಲ್ಲ ಹೇಳಿದರು. ಫೋಮ್ ಎಷ್ಟು ದಪ್ಪ ಇತ್ತು, ತಾನು ಎಷ್ಟು ಸಲ "ಬಡಿ" ಎಂದೆ, ವಿಚಾರಣೆಯಲ್ಲಿ ಏನು ಸುಳ್ಳು ಹೇಳಿದೆ, ಒಂದನ್ನೂ ಬಿಡಲಿಲ್ಲ. ಮೊಂಡ ಬೆಂಚು ಹಾರಿ ಬಂದು ಎಡಗೈಯಲ್ಲಿ ಅವರ ಬಾಯಿಗೆ ಗುದ್ದಿದ. ಎರಡು ಹಲ್ಲು ಮುರಿದವು. ಇನ್ನೊಂದು ಗುದ್ದಿಗೆ ಅವರು ಕಪ್ಪುಹಲಗೆಗೆ ಬಡಿದು ಕುಸಿದರು. ಯಾರೂ ಬಿಡಿಸಲಿಲ್ಲ. ಅವರು ಎದ್ದು ಕರವಸ್ತ್ರಕ್ಕೆ ರಕ್ತ ಉಗಿದು, ತೊದಲುತ್ತಲೇ ಪಾಠ ಮುಂದುವರಿಸಿದರು.

"ಬೆಂಕಿ ಹಚ್ಚೋ ಮೊದಲು ನೀವು ಒಳಗೆ ಹೋಗಿ ಬರ್ಬೇಕು. ಏನು ಉರಿಯುತ್ತೆ ಅಂತ ಕೈಯಲ್ಲಿ ಮುಟ್ಟಿ ನೋಡ್ಬೇಕು. ನಿಲ್ಲಿಸಿ ಅನ್ನೋ ಸೀಟಿ ನಿಮ್ಮ ಹತ್ರ ಅಲ್ಲ, ಕಲಿಯೋರ ಹತ್ರ ಇರ್ಬೇಕು. ಅವರು ಊದಿದ್ರೆ ಯಾಕೆ ಅಂತ ಕೇಳೋ ಹಾಗಿಲ್ಲ. ಇದನ್ನ ಹೊರಗೆ ಹೇಳ್ತೀರಾ, ಹೇಳಿ. ನಾನು ತಡೆಯೋನಲ್ಲ."

ಯಾರೂ ಹೇಳಲಿಲ್ಲ. ಮುಂದಿನ ತಂಡದವರೂ ಹೇಳಲಿಲ್ಲ, ಅದರ ಮುಂದಿನವರೂ ಇಲ್ಲ. ಹೊಗೆಮನೆಯ ಬಾಗಿಲಿನಿಂದ ಚಿಲಕ ಕಿತ್ತುಹಾಕಿದರು. ಅಲ್ಲಿಂದ ಮುಂದೆ ಶಾಲೆಯಲ್ಲಿ ಯಾರೂ ಸಾಯಲಿಲ್ಲ.

*

ಮೊದಲು, ಪೆಟ್ಟಿಗೆಯಲ್ಲಿ ಹೂಗಳ ಮೇಲಿಟ್ಟಿದ್ದ ಮೇಷ್ಟ್ರ ಶಿರಸ್ತ್ರಾಣ ಉರುಳಿ ನೆಲಕ್ಕೆ ಬಿದ್ದ ಸದ್ದು ಕೇಳಿತು. ಎಲ್ಲರೂ ತಿರುಗುವಷ್ಟರಲ್ಲಿ ಟೈಲರಕ್ಕ ಪೆಟ್ಟಿಗೆಯ ಮೇಲೆ ಬಗ್ಗಿ, ಹೂಗಳನ್ನು ಬಾಚಿ ಎಸೆದು, ಎರಡೂ ಮುಷ್ಟಿಯಿಂದ ಹೆಣದ ಮುಖಕ್ಕೆ ಗುದ್ದುತ್ತಿದ್ದಳು.

"ಏಳೋ! ಎದ್ದು ಹೇಳೋ! ನನ್ನ ಮನೆಯಲ್ಲಿ ಉಣ್ಣುವಾಗ ಹೇಳೋಕೆ ಬಾಯಿರಲಿಲ್ವಾ ನಿನಗೆ?"

ಹೆಣದ ತಲೆ ಅತ್ತಿತ್ತ ಹೊರಳಿತು. ಕಟ್ಟಿಸಿಕೊಂಡಿದ್ದ ಹಲ್ಲು ತುಟಿಯಾಚೆ ಸರಿದುಬಂತು. ಮಗ ಒಂದೇ ನೆಗೆತಕ್ಕೆ ಬಂದು ಅವಳ ಹೆಗಲು ಹಿಡಿದೆಳೆದು ದೂಡಿದ. ಅವಳು ಬೆಂಚಿನ ಅಂಚಿಗೆ ಬಿದ್ದಳು. ಹುಬ್ಬು ಸೀಳಿ ಮುಖದ ತುಂಬ ರಕ್ತ ಇಳಿಯಿತು.

"ಸತ್ತೋರ ಮೇಲೆ ಕೈ ಮಾಡ್ತೀಯಾ? ತಲೆ ಕೆಟ್ಟಿದೆಯಾ ನಿನಗೆ?" ಎಂದು ಅವನು ಮತ್ತೆ ನುಗ್ಗಿದ. ಮೊಂಡ ನಡುವೆ ಬಂದು ಅವನನ್ನು ತಬ್ಬಿ ಹಿಡಿದ.

"ಬಿಡೋ, ಅವಳದು ತಪ್ಪಿಲ್ಲ ಕಣೋ. ಚಿಲಕ ಹಾಕಿದ್ದು ನಿಮ್ಮಪ್ಪನೇ. ನಾನೂ ಒಳಗಿದ್ದೆ."

ಮಗ ತಲೆಯಿಂದಲೇ ಅವನ ಮೂಗಿಗೆ ಬಡಿದ. ಮೂಳೆ ಲಟಕ್ಕೆಂದಿತು. ಕುಸಿದವನ ಪಕ್ಕೆಗೆ ಬೂಟುಗಾಲಿನಿಂದ ಎರಡು ಸಲ ಒದ್ದ. ನಾಲ್ಕು ಜನ ಅವನನ್ನು ಗೋಡೆಗೆ ಒತ್ತಿ ಹಿಡಿದರು. "ಸುಳ್ಳು! ಬಾಗಿಲು ಜಾಮ್ ಆಗಿತ್ತು! ಇವನು ಅಪ್ಪನ ಜಾಗದಲ್ಲಿ ಕೂತ್ಕೊಂಡು ಈಗ ಅವರ ಹೆಸರಿಗೆ ಮಸಿ ಬಳೀತಿದಾನೆ!" ಎಂದು ಅವನು ಕಿರುಚುತ್ತಲೇ ಇದ್ದ.

ಹಿರಿಯ ತರಬೇತುದಾರನೊಬ್ಬ ಟೈಲರಕ್ಕನ ಬಳಿ ಮಂಡಿಯೂರಿದ. "ಅಕ್ಕಾ, ಸಮಾಧಾನ ಮಾಡ್ಕೊಳಿ. ಅವರ ಹತ್ರ ಕಲಿತ ನಮ್ಮ ಯಾರ ಕೈಕೆಳಗೂ ಇವತ್ತಿನವರೆಗೆ ಒಂದು ಜೀವ ಹೋಗಿಲ್ಲ. ಆ ಒಂದು ಪಾಠದಿಂದಲೇ..."

"ನನ್ನ ತಮ್ಮನ್ನ ಪಾಠ ಮಾಡ್ಕೊಂಡ್ರಾ?" ಅವಳು ಅವನ ಕೈ ಕಿತ್ತೆಸೆದಳು. "ಅವನು ಹೇಗೆ ಸತ್ತ ಅಂತ ಊರಿಗೆಲ್ಲ ಕಲಿಸಿದ್ರಿ. ನನಗೊಬ್ಬಳಿಗೆ ಬಿಟ್ಟು."

ಬೆಂಚು ಹಿಡಿದು ಅವಳು ಎದ್ದು ನಿಂತಳು. ಕಣ್ಣಿಗಿಳಿದ ರಕ್ತವನ್ನು ಮೊಣಕೈಯಿಂದ ಒರೆಸಿಕೊಂಡು ಗೋಡೆಯುದ್ದಕ್ಕೂ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಯಾರ್ಯಾರಿಗೆ ಗೊತ್ತಿತ್ತು? ಕೈ ಎತ್ತಿ."

ಯಾರೂ ಅಲುಗಾಡಲಿಲ್ಲ.

"ಕೈ ಎತ್ತಿ ಅಂದೆ!"

ಹೊಸ ಹುಡುಗಿ ಅಳುತ್ತ ಕೈಯೆತ್ತಿದಳು. ಪಕ್ಕದವನು ಎತ್ತಿದ. ನೆಲದ ಮೇಲೆ ರಕ್ತ ನುಂಗುತ್ತ ಕೂತಿದ್ದ ಮೊಂಡ ಎತ್ತಿದ. ಕೋಣೆಯ ಈ ತುದಿಯಿಂದ ಆ ತುದಿಯವರೆಗೆ, ಸಮವಸ್ತ್ರದ ತೋಳುಗಳು ಒಂದರ ಹಿಂದೊಂದು ಮೇಲೆದ್ದವು. ಮಗನನ್ನು ಒತ್ತಿ ಹಿಡಿದಿದ್ದ ನಾಲ್ವರೂ ಅವನನ್ನು ಬಿಟ್ಟು ಕೈಯೆತ್ತಿದರು.

ಮಗ ಅವರನ್ನೆಲ್ಲ ನೋಡಿದ. ಆಮೇಲೆ ಮುಂದಿನ ಸಾಲಿನ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳು ಇವರಿಗೆ," ಎಂದ.

ಅವನ ತಾಯಿ ಕುರ್ಚಿಯಿಂದ ಏಳಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಮಡಿಲಲ್ಲಿದ್ದ ಬಲಗೈಯನ್ನು ನಿಧಾನವಾಗಿ ಬಿಡಿಸಿಕೊಂಡು ಹೆಗಲೆತ್ತರಕ್ಕೆ ತಂದು, ಅಲ್ಲೇ ಹಿಡಿದುಕೊಂಡು ಕೂತರು.