ನಮ್ಮ ಸಿಬ್ಬಂದಿ

ಎದುರಿನ ಮಣ್ಣಿನ ಗೋಡೆಯಲ್ಲೊಂದು ಗೆರೆ, ಬೇರು ಇರಬೇಕು, ಅಲ್ಲ, ಬೇರು ಹೀಗೆ ಅಡ್ಡಕ್ಕೆ ಉದ್ದುದ್ದ ಓಡುವುದಿಲ್ಲ — ಅದರ ಕೆಳಗೇ ನನ್ನ ತಮ್ಮ, ಅಡಿಪಾಯಕ್ಕೆ ಅಗೆದ ಇಕ್ಕಟ್ಟಾದ ಆಳದ ಹೊಂಡದ ತಳದಲ್ಲಿ ಅಳತೆಕೋಲು ಹಿಡಿದು ನಿಂತಿದ್ದಾನೆ, ಮೇಲಿಂದ ಅವನ ಟೊಪ್ಪಿಗೆ, ಭುಜ, ಅಷ್ಟೇ ಕಾಣುತ್ತದೆ, ಚಿಕ್ಕವನಿದ್ದಾಗ ಮಂಚದ ಕೆಳಗೆ ಬಚ್ಚಿಟ್ಟುಕೊಂಡು ಅಕ್ಕಾ ನಾನಿಲ್ಲಿಲ್ಲ ಅಂತ ತಾನೇ ಕೂಗುತ್ತಿದ್ದ, ಈಗ ಕೂಗುತ್ತಾನೆ, ಅಕ್ಕಾ, ಇನ್ನೊಂದು ಮೂಲೆ, ಮುಗೀತು. ನಾನು ಬಂದದ್ದು ಒಂದು ಸಹಿಗೆ. ಅಪ್ಪ ಕಟ್ಟಿದ ಸರ್ವೆ ಕಚೇರಿಯಲ್ಲಿ ನೆಲ ಅಳೆಯುವುದು ಅವನು, ಯಾವ ಕೆಲಸದಲ್ಲಿ ಎಷ್ಟು ಅಪಾಯ ಅಂತ ಅಳೆಯುವುದು ನಾನು, ಫ್ಯಾನಿನ ಕೆಳಗೆ ಕೂತು, ಏನೇನು ಕೆಡಬಹುದು ಅಂತ ಯೋಚಿಸಿ ಒಪ್ಪಂದಕ್ಕೆ ಸೇರಿಸುವುದು, ಕೆಟ್ಟದ್ದು ಯೋಚಿಸಿ ಸಂಬಳ ತಗೊಳ್ಳೋಳು ನೀನೊಬ್ಬಳೇ ಕಣೇ ಅಂತ ತಮ್ಮ ನಗುತ್ತಾನೆ. ನೆಲ ಅಪಾಯಕಾರಿ ಎಂದು ಕಂಡುಬಂದಲ್ಲಿ ನಮ್ಮ ಸಿಬ್ಬಂದಿ ಇಳಿಯತಕ್ಕದ್ದಲ್ಲ — ಈ ಒಂದು ವಾಕ್ಯಕ್ಕೆ ಎಷ್ಟು ಹಗ್ಗಜಗ್ಗಾಟ, ಗುತ್ತಿಗೆದಾರರು ಮಾತುಮಾತಿಗೆ ಆಗ್ಲಿ ಬಿಡಿ ಅನ್ನುವವರು, ನಮ್ಮಿಬ್ಬರ ಬಾಯಲ್ಲಿ ಅವರ ಹೆಸರೇ ಆಗ್ಲಿಬಿಡಿ, ಅದೊಂದಕ್ಕೆ ಮಾತ್ರ ಹಾಗನ್ನಲಿಲ್ಲ, ಬದಲಿಗೆ ತಮ್ಮ ಕಡೆಯದೊಂದು ವಾಕ್ಯ ತುರುಕಿದರು, ಅಳತೆ ತಡವಾದರೆ ಬರುವ ನಷ್ಟವೆಲ್ಲ ಸರ್ವೆಯವರದು. ನಾಳೆ ಕಾಂಕ್ರೀಟ್ ಲಾರಿಗಳು ಬರುತ್ತವೆ. ಕಂಡುಬಂದಲ್ಲಿ — ಯಾರಿಗೆ ಕಂಡುಬಂದಲ್ಲಿ, ವಿಮೆಯವರು ಅದನ್ನೇ ಕೇಳೋದು, ಮಣ್ಣಿನ ವಿಷಯ ನಿಮಗೇನಮ್ಮ ಗೊತ್ತು? ನನ್ನ ಲೆಕ್ಕ ತಪ್ಪಿದರೆ ಕಚೇರಿಗೆ ಬೀಗ, ತಪ್ಪದಿದ್ದರೆ — ಗೆರೆಯಿಂದ ಚಿಟಿಕೆ ಮಣ್ಣು ಉದುರಿತು, ಅವನ ಭುಜದ ಮೇಲೇ, ಅವನು ನೊಣ ಓಡಿಸುವ ಹಾಗೆ ಕೊಡವಿಕೊಂಡ. ಮೇಲೆ ಬಾ. ಏನಕ್ಕಾ? ಕೋಲು ಅಲ್ಲೇ ಬಿಡು, ಬಾ ಅಂದೆ, ಬಾರೋ. ಅವನು ತಲೆಯೆತ್ತಿ ನನ್ನ ಮುಖ ನೋಡಿದ, ಇನ್ನೇನೂ ಕೇಳದೆ ಏಣಿ ಹತ್ತಿದ.

ಬಂದ, ಮೇಲಿದ್ದಾನೆ, ಪಕ್ಕದಲ್ಲೇ ಇದ್ದಾನೆ, ಅವನ ಬೆವರಿನ ವಾಸನೆ ಮೂಗಿಗೆ ಬರುತ್ತಿದೆ — ಏನ್ ಮೇಡಂ ಇದು, ಆಗ್ಲಿಬಿಡಿ ಓಡಿ ಬಂದರು, ಆ ಗೆರೆ ಮೊನ್ನೆಯಿಂದ ಇದೆ, ಏನೂ ಆಗಿಲ್ಲ. ಮೊನ್ನೆಯಿಂದ. ಗೊತ್ತಿತ್ತು ಇವರಿಗೆ. ನಿಮ್ಮವರು ಇಳಿಯಲ್ವಾ, ಆಗ್ಲಿ ಬಿಡಿ, ನಮ್ಮೋನು ಇಳೀತಾನೆ, ಕೋಲು ಹಿಡಿಯೋಕೆ ಏನು ಮಹಾ, ಏಯ್ ಬಾರಯ್ಯ ಇಲ್ಲಿ — ಕರೆದದ್ದು ಕಂಬಿ ಕಟ್ಟುವವನನ್ನು, ಆಗಲೇ ನನ್ನ ಹತ್ತಿರ ಬಂದು ಮೇಡಂ ಒಂದು ಫೋಟೋ ತೆಗೀತೀರಾ, ಅಪ್ಪ ನೀನು ಎಲ್ಲಿ ಕೆಲಸ ಮಾಡೋದು ತೋರಿಸು ಅಂತಾಳೆ ಮಗಳು ಅಂದಿದ್ದನಲ್ಲ, ಅವನೇ, ಟೀ ಲೋಟ ಕೆಳಗಿಟ್ಟು ಬಾಯಿ ಒರೆಸಿಕೊಂಡು ಬರುತ್ತಿದ್ದಾನೆ. ನಮ್ಮ ಸಿಬ್ಬಂದಿ. ನಾನೇ ಹುಡುಕಿ ಹಾಕಿದ ಮಾತು, ಊರವರ ಹೊಣೆಯೆಲ್ಲ ನಮ್ಮ ತಲೆಗೆ ಯಾಕೆ ಅಂತ, ಬರೆದು ಎಷ್ಟು ಬೀಗಿದ್ದೆ. ನಮ್ಮವನು ಮೇಲಿದ್ದಾನೆ, ಸಾಕು, ಹೊರಡು, ಕಾರಿನ ಕೀ ಕೈಯಲ್ಲೇ ಇದೆ, ಹೋಗು — ಹೋಗಲಿಲ್ಲ, ಹೊಂಡದ ಅಂಚಿನಲ್ಲಿ ಕೂತು ಏಣಿಯ ಮೇಲೆ ಕಾಲು ಇಳಿಬಿಟ್ಟು ಅದರ ಎರಡೂ ಕಂಬಗಳನ್ನು ತಬ್ಬಿ ಹಿಡಿದುಬಿಟ್ಟೆ. ಏಳಿ ಮೇಡಂ, ಮಕ್ಕಳಾಟನಾ ಇದು. ಏಳಲ್ಲ. ನಮ್ಮ ಆಳನ್ನ ತಡೆಯೋ ಹಕ್ಕು ಒಪ್ಪಂದದಲ್ಲಿ ಎಲ್ಲಿದೆ ನಿಮಗೆ? ಇಲ್ಲ, ಗೊತ್ತು, ಬರೆದೋಳೇ ನಾನು, ಕಂಬಿ ಕಟ್ಟುವವನ ಕಡೆ ತಿರುಗಿದೆ, ಅಣ್ಣಾ, ನೀವು ಇಳೀಬೇಡಿ, ದಮ್ಮಯ್ಯ ಇಳೀಬೇಡಿ. ಅವನು ಅವರನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ, ಅವನ ಅನ್ನ ಇರುವುದು ಅವರ ಕೈಯಲ್ಲಿ, ಸ್ವಲ್ಪ ಜರುಗಿ ಮೇಡಂ, ಬೇಗ ಹೋಗಿ ಬಂದುಬಿಡ್ತೀನಿ ಅಂದ, ಮೆಲ್ಲಗೆ, ನನ್ನನ್ನೇ ಸಮಾಧಾನ ಮಾಡುವವನ ಹಾಗೆ. ನಾನು ಜರುಗಲಿಲ್ಲ, ಅವರು ಬೈಯುತ್ತಿದ್ದರು, ನಾನು ಅಳುತ್ತಿದ್ದೆನೋ ಏನೋ, ಆಮೇಲೆ ಕಂಕುಳಿಗೆ ತಮ್ಮನ ಕೈ, ಅಕ್ಕಾ, ಹಿಂದಕ್ಕೆ ಎಳೆದ ರಭಸಕ್ಕೆ ಚಪ್ಪಲಿ ಕಳಚಿ ಬಿತ್ತು, ಎದುರಿನ ಗೋಡೆ ಇಡಿಯಾಗಿ ಬಾಗಿತು, ಸದ್ದು ದೊಡ್ಡದೇನಲ್ಲ, ಯಾರೋ ಹಾಸಿಗೆ ಎತ್ತಿ ಹಾಕಿದ ಹಾಗೆ.

ಧೂಳು. ಎಲ್ಲರೂ ಮೇಲಿದ್ದಾರೆ, ತಮ್ಮ ಕೆಮ್ಮುತ್ತಿದ್ದಾನೆ, ಆಗ್ಲಿಬಿಡಿ ಆಗಲೇ ಫೋನಿನಲ್ಲಿ, ಹೌದು ಸಾರ್, ಯಾರಿಗೂ ಏನಾಗಿಲ್ಲ, ನಾವೇ ಮುಂಜಾಗ್ರತೆಯಿಂದ ಯಾರನ್ನೂ ಇಳಿಸಿರಲಿಲ್ಲ ಸಾರ್, ನಾವೇ — ಕಂಬಿ ಕಟ್ಟುವವ ನೆಲಕ್ಕೆ ಕುಸಿದು ಕೂತಿದ್ದಾನೆ, ತನ್ನ ಕಾಲನ್ನು ತಾನೇ ಹಿಡಿದು ನೋಡಿಕೊಳ್ಳುತ್ತಿದ್ದಾನೆ, ಅಕ್ಕಾ ನೀರು ಕುಡಿ, ಕುಡೀತೀನಿ, ಜರುಗಿದ್ದರೆ ಅವನು ಈಗ ಎಲ್ಲಿರುತ್ತಿದ್ದ, ತಳದಲ್ಲಾ, ನಡುವೆಯಾ, ಕುಡಿ ಅಕ್ಕಾ, ಏಣಿ, ಮಣ್ಣಿನ ಮೇಲೆ ಎರಡೇ ಮೆಟ್ಟಿಲು ಕಾಣುತ್ತಿವೆ, ಮೂರನೆಯದು ಇಲ್ಲ, ಎರಡು ಮೆಟ್ಟಿಲು, ಮೂರನೆಯದು ಇಲ್ಲ, ಎರಡು