ತಾಯಿಯ ಮಗ್ಗುಲ ಜಾಗ

ತಮ್ಮನ ಮನೆಯ ಹಿತ್ತಲಲ್ಲಿ ಕೆಲೆಮೆನೆ ಹಾರೆಯ ತುದಿಯನ್ನು ಕಕ್ಕಸಿನ ಬಾಗಿಲ ಸಂದಿಗೆ ತುರುಕಿ ಮೀಟಿದ. ತುಕ್ಕು ಹಿಡಿದ ಮೊಳೆಗಳು ಕಿರುಗುಟ್ಟಿ ಕಿತ್ತುಬಂದವು. ತಗಡಿನ ಬಾಗಿಲು ಮಡಚಿಕೊಂಡು ಅವನ ಕಾಲಬುಡಕ್ಕೆ ಬಿತ್ತು.

ಮನೆಯೊಳಗೆ ಅವನ ತಮ್ಮ ತನಿಯೆಲು ಚಾಪೆಯ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಬಲೆಯ ಸಿಕ್ಕು ಬಿಡಿಸುತ್ತ ಕೂತವನು ಹಾಗೇ ಒರಗಿ ತೀರಿಹೋಗಿದ್ದ. ಸುತ್ತ ಕೂತ ಹೆಂಗಸರು ತಗ್ಗಿದ ದನಿಯಲ್ಲಿ ಹಾಡುತ್ತಿದ್ದರು. ತಲೆದೆಸೆಯಲ್ಲಿದ್ದ ಹೆಂಡತಿ ಸೆಪೋಲ ಹೊರಗಿನ ಸದ್ದು ಕೇಳಿ ಊರುಗೋಲು ಎಳೆದುಕೊಂಡು ಎದ್ದಳು. ಸಕ್ಕರೆ ಕಾಯಿಲೆಗೆ ಅವಳ ಬಲಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಿ ಎಷ್ಟೋ ವರ್ಷವಾಗಿತ್ತು.

"ಏನ್ಮಾಡ್ತಿದೀರಿ ಭಾವ?"

"ಕೀಳ್ತಿದೀನಿ. ನೀನು ಒಳಗೆ ಹೋಗು."

"ಇವತ್ತೇ ಕೀಳ್ಬೇಕಾ?"

"ಮತ್ಯಾವಾಗ? ಇಲ್ಲಿ ಅಪ್ಪನ ಸಮಾಧಿ, ಪಕ್ಕದಲ್ಲಿ ಅಮ್ಮನದು. ಅಮ್ಮನ ಮಗ್ಗುಲಲ್ಲಿ ಕಿರಿಮಗ ಮಲಗ್ಬೇಕು. ಆ ಜಾಗದಲ್ಲಿ ಇದು ಕೂತಿದೆ. ಸಾಯಂಕಾಲ ಪಾದ್ರಿ ಬರ್ತಾರೆ, ಇಡೀ ಫುನಾಫುಟಿ ದ್ವೀಪವೇ ಬರುತ್ತೆ. ಸತ್ತಮೇಲಾದ್ರೂ ಅವನಿಗೆ ಮಾನ ಬೇಡ್ವಾ?"

ವಾದ ಮಾಡುವ ತ್ರಾಣ ಸೆಪೋಲಳಿಗಿರಲಿಲ್ಲ. ರಾತ್ರಿಯಿಡೀ ಕೂತು ಸೊಂಟ ಬಿದ್ದುಹೋಗಿತ್ತು. ಕಕ್ಕಸಿನ ಮೆಟ್ಟಿಲಿನವರೆಗೆ ಕುಂಟಿಕೊಂಡು ಹೋಗಿ ಅದರ ಮೇಲೇ ಕುಳಿತುಬಿಟ್ಟಳು.

ಮಗಳು ಓಡಿಬಂದಳು. "ಅವ್ವ, ಏಳು. ಜನ ನೋಡ್ತಿದಾರೆ."

"ನೋಡ್ಲಿ ಬಿಡು."

*

ಹಿಂದೊಮ್ಮೆ ಮಳೆ ಕೈಕೊಟ್ಟ ವರ್ಷ ಮನೆಮನೆಯ ತೊಟ್ಟಿ ಬರಿದಾಗಿ, ಕುಡಿಯುವ ನೀರನ್ನೂ ಬಕೆಟ್ ಲೆಕ್ಕದಲ್ಲಿ ಹಂಚುತ್ತಿದ್ದರು. ಕಕ್ಕಸಿಗೆ ಸುರಿಯಲು ಯಾರ ಬಳಿಯೂ ನೀರಿರಲಿಲ್ಲ. ಊರಿಗೆ ಊರೇ ಕಡಲಂಚಿಗೆ ಹೋಗುತ್ತಿತ್ತು. ಒಂಟಿಕಾಲಿನ ಸೆಪೋಲ ಹವಳದ ಕಲ್ಲುಗಳ ಮೇಲೆ ಎರಡು ಸಲ ಬಿದ್ದಳು. ಆಮೇಲೆ ತಟ್ಟೆಯನ್ನು ಅರ್ಧಕ್ಕೇ ದೂಡತೊಡಗಿದಳು. ತಿಂದರೆ ತಾನೇ ಹೋಗಬೇಕು.

ತನಿಯೆಲು ಯಾಕೆಂದು ಕೇಳಲಿಲ್ಲ. ನೀರಿಲ್ಲದ ಕಕ್ಕಸು ಕಟ್ಟುವುದನ್ನು ಕಲಿಸುತ್ತಿದ್ದವರ ಬಳಿ ಹೋಗಿ ನೋಡಿಕೊಂಡು ಬಂದ. ನೆಲದ ಮೇಲೆಯೇ ಎರಡು ಗೂಡು. ಕೂತೆದ್ದ ಮೇಲೆ ಒಂದು ಹಿಡಿ ತರಗೆಲೆ. ಒಂದು ಗೂಡು ತುಂಬಿದರೆ ಅದನ್ನು ಮುಚ್ಚಿ ಇನ್ನೊಂದು. ಮುಚ್ಚಿದ್ದು ಮಣ್ಣಾಗುವವರೆಗೆ ಕಾಯುವುದು. ದೊಡ್ಡ ಉಬ್ಬರಕ್ಕೂ ನೀರು ನುಗ್ಗದ ಜಾಗ ಹಿತ್ತಲಲ್ಲಿ ಒಂದೇ ಇತ್ತು, ತಾಯಿಯ ಸಮಾಧಿಯ ಪಕ್ಕ.

"ಅದು ನಿಮ್ಮ ಜಾಗ ಅಲ್ವಾ?" ಸಿಮೆಂಟು ಕಲೆಸುತ್ತಿದ್ದವನನ್ನು ಸೆಪೋಲ ಕೇಳಿದ್ದಳು.

"ಸತ್ತವನಿಗೆ ಎದ್ದು ಹೋಗೋ ಕೆಲಸ ಇರಲ್ಲ ಕಣೇ. ಎಲ್ಲಿ ಹಾಕಿದ್ರೂ ಬಿದ್ದಿರ್ತೀನಿ. ನಿನಗೆ ಹತ್ರ ಬೇಕು."

ಊರವರು ಅವನಿಗೆ 'ಹೇಲು ತನಿಯೆಲು' ಎಂದು ಹೆಸರಿಟ್ಟರು. "ನಿಮ್ಮದೂ ತಂದ್ಕೊಡಿ, ಬಾಳೆಗೆ ಗೊಬ್ಬರ ಸಾಲ್ತಿಲ್ಲ" ಎಂದು ಅವನು ನಕ್ಕುಬಿಡುತ್ತಿದ್ದ. ಅಣ್ಣ ಮಾತ್ರ ನಗಲಿಲ್ಲ. ಇಗರ್ಜಿಯ ಹಿರಿಯನಾದ ಕೆಲೆಮೆನೆ ಆ ಮನೆಯಲ್ಲಿ ಊಟ ಬಿಟ್ಟ. ಆಮೇಲೆ ಬರುವುದನ್ನೇ ಬಿಟ್ಟ. ಹಬ್ಬದ ದಿನ ತನಿಯೆಲು ಅಣ್ಣನಿಗೆಂದು ಒಂದು ತಟ್ಟೆ ಹೆಚ್ಚಿಗೆ ಇಡಿಸುತ್ತಿದ್ದ, ಸಂಜೆ ಅದನ್ನು ಹಂದಿಗೆ ಸುರಿಯುತ್ತಿದ್ದ.

*

ಅವತ್ತು ಗಂಡ ಅಂದದ್ದನ್ನು ಸೆಪೋಲ ಮೆಟ್ಟಿಲ ಮೇಲೆ ಕೂತೇ ಹೇಳಿ ಮುಗಿಸಿದಳು. ಕೆಲೆಮೆನೆ ಹಾರೆ ಊರಿಕೊಂಡು ತಾಯಿಯ ಸಮಾಧಿಯನ್ನೇ ನೋಡುತ್ತ ನಿಂತಿದ್ದ.

"ನನಗ್ಯಾಕೆ ಹೇಳಲಿಲ್ಲ ಅವನು?"

"ನೀವು ಬಂದಿದ್ರೆ ತಾನೇ ಭಾವ."

ಒಳಗೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು.

"ಹಾಗಾದ್ರೆ ಅವನನ್ನ ಎಲ್ಲಿ ಮಲಗಿಸೋದು?"

"ರಸ್ತೆ ಕಡೆ, ದೀವಿ ಹಲಸಿನ ಕೆಳಗೆ."

ಅವನು ಹಾರೆ ಹೆಗಲಿಗೇರಿಸಿ ಆ ಕಡೆ ನಡೆದ. ಅಲ್ಲಿ ಗೇಣುದ್ದ ಮಣ್ಣು, ಕೆಳಗೆಲ್ಲ ಹವಳದ ಬಂಡೆ. ನೆರವಿಗೆ ಬಂದ ಊರ ಹುಡುಗರು ಹಾರೆ ಕೇಳಿದರೂ ಕೊಡಲಿಲ್ಲ. ಅವನು ಒಡೆದ ಕಲ್ಲನ್ನಷ್ಟೇ ಅವರು ಎತ್ತಿ ಹಾಕಿದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವನ ಅಂಗೈ ಸುಲಿದಿತ್ತು.

ಮಣ್ಣು ಹಾಕುವಾಗ ಪಕ್ಕದ ಮನೆಯ ಸಿಮೋನ ಪಿಸುಗುಟ್ಟಿದ: "ಅಮ್ಮನ ಪಕ್ಕ ಯಾಕೆ ಹಾಕ್ಲಿಲ್ಲ?"

"ಅಲ್ಲಿ ಅವನ ಹೆಂಡತಿಗೆ ಕೆಲಸ ಇದೆ" ಎಂದ ಕೆಲೆಮೆನೆ.

*

ಉಂಡವರು ಒಬ್ಬೊಬ್ಬರಾಗಿ ಎದ್ದುಹೋದರು. ಇನ್ನೂ ಸಂಜೆಯ ಬೆಳಕು ಉಳಿದಿತ್ತು. ಬೆಳಗಿನಿಂದ ತಡೆದುಕೊಂಡಿದ್ದ ಸೆಪೋಲ ಕಕ್ಕಸಿನವರೆಗೆ ಹೋಗಿ ನಿಂತಳು. ತಗಡಿನ ಬಾಗಿಲು ಬಿದ್ದಲ್ಲೇ ಬಿದ್ದಿತ್ತು; ಒಳಗೆಲ್ಲ ರಸ್ತೆಗೆ ಕಾಣುತ್ತಿತ್ತು. ರಸ್ತೆಯಲ್ಲಿ ಬೈಕುಗಳು ಸಾಲಾಗಿ ಮನೆಗೆ ಮರಳುತ್ತಿದ್ದವು. ಅವಳು ಒಳಗೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

ಅಂಗಳದಲ್ಲಿ ಕೂತಿದ್ದ ಕೆಲೆಮೆನೆ ನೋಡಿದ. ಎದ್ದು ಬಂದು ಅವಳ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದ. ಇಳಿದು, ಚಡ್ಡಿಯ ಮೇಲೆ ಸುತ್ತಿದ್ದ ಕರಿಯ ಉಡುಬಟ್ಟೆಯನ್ನು ಬಿಚ್ಚಿದ. ಬಾಗಿಲಿಗೆ ಬೆನ್ನು ಹಾಕಿ, ಎರಡು ಕೈಗಳನ್ನೂ ಅಗಲಿಸಿ, ಅದನ್ನು ಬೆನ್ನ ಹಿಂದೆ ಬಾಗಿಲಗಲಕ್ಕೂ ಹರಡಿ ಹಿಡಿದ.

ಹೋಗುವ ಬೈಕುಗಳು ನಿಧಾನವಾದವು. ಇಗರ್ಜಿಯ ಹಿರಿಯ ಚಡ್ಡಿಯಲ್ಲಿ ಕಕ್ಕಸಿನ ಮುಂದೆ ನಿಂತದ್ದನ್ನು ಕೆಲವರು ತಿರುತಿರುಗಿ ನೋಡಿದರು. ಬೆಳಗಿನಿಂದ ಬಂಡೆ ಒಡೆದ ತೋಳುಗಳು ನಡುಗುತ್ತಿದ್ದವು. ಬಟ್ಟೆಯೂ ನಡುಗುತ್ತಿತ್ತು. ಅವನು ಅದನ್ನು ಕೆಳಗಿಳಿಸಲಿಲ್ಲ.