ಹೇಳಿಕೊಟ್ಟ ಮಾತು

ಮುಚ್ಚಿದ ಬಾಗಿಲಿನಾಚೆ ಮಗ ನಕ್ಕಾಗಲೆಲ್ಲ ಅವಳ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಹೆತ್ತು ಹೊತ್ತು ಸಾಕಿದವಳ ಹತ್ತಿರ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಮಕ್ಕಳ ಕೋರ್ಟು ಗೊತ್ತುಮಾಡಿದ ಡಾಕ್ಟರಮ್ಮನ ಹತ್ತಿರ ಮಾತ್ರ ಅರಳು ಹುರಿದಂತೆ ಮಾತು!

ಶಾಲೆಯ ಶೆಡ್ಡು ಸುಟ್ಟನೆಂದು ಹನ್ನೆರಡು ವರ್ಷದ ಆ ಹುಡುಗನ ಮೇಲೆ ಕೇಸಾಗಿತ್ತು. ತಿಳುವಳಿಕೆಯಲ್ಲಿ ಅವನು ವಯಸ್ಸಿಗಿಂತ ಹಿಂದೆ. ಕೋರ್ಟೆಂದರೇನು, ವಕೀಲ ಯಾರ ಕಡೆಯವನು ಎಂಬುದು ತಲೆಗೆ ಹತ್ತುವವರೆಗೆ ವಿಚಾರಣೆ ನಡೆಸುವಂತಿರಲಿಲ್ಲ. ಅದನ್ನು ಕಲಿಸಿ, ಹತ್ತಿತೋ ಇಲ್ಲವೋ ಹೇಳಬೇಕಾದವಳು ಡಾಕ್ಟರಮ್ಮ.

"ನೀವೇನೂ ಹೇಳ್ಕೊಡೋಕೆ ಹೋಗ್ಬೇಡಿ ಅಮ್ಮ," ಎಂದು ವಕೀಲರು ಬಿಡಿಸಿ ಹೇಳಿದ್ದರು. "ಅರ್ಥ ಆಗದೆ ಜಡ್ಜ್ ಮುಂದೆ ನಿಂತ್ರೆ ಕೇಳಿದ್ದಕ್ಕೆಲ್ಲ ಹೌದು ಅಂದ್ಬಿಡ್ತಾನೆ. ಆಮೇಲೆ ನಿಮ್ಮಿಂದ ದೂರ ಇಡ್ತಾರೆ."

ಅವಳು ಕೇಳಿಸಿಕೊಂಡಿದ್ದಳು. ಆದರೆ ಊಟಕ್ಕೆ ಕೂತರೆ "ಆಂಟಿ ಹಿಂಗಂದ್ರು," ಮಲಗಿದರೆ "ಆಂಟಿಗೆ ಎಲ್ಲಾ ಗೊತ್ತು." ಎಷ್ಟು ದಿನ ಸಹಿಸುವುದು? ಆ ಡಾಕ್ಟರಮ್ಮ ಗೊಂಬೆ ಆಡಿಸುತ್ತ ತಿಂಗಳುಗಟ್ಟಲೆ ಕಲಿಸುವುದನ್ನು ನಾನು ವಾರದಲ್ಲಿ ಕಲಿಸುತ್ತೇನೆ, ಆ ಕೋಣೆಯ ಸಹವಾಸವೇ ತಪ್ಪಲಿ ಎಂದುಕೊಂಡಳು. ಕೂಲಿಗೆಂದು ಲಾಂಡ್ರಿಯಿಂದ ತಂದ ಬಟ್ಟೆಗೆ ಇಸ್ತ್ರಿ ಹಾಕುತ್ತಲೇ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದಳು.

"ಜಡ್ಜ್ ಯಾರು?"

"ಎರಡೂ ಕಡೆ ಕೇಳಿ ತೀರ್ಮಾನ ಮಾಡೋರು."

"ಯಾರು ಹೇಳ್ಕೊಟ್ರು ಅಂತ ಕೇಳಿದ್ರೆ?"

"ನಾನೇ ಕಲ್ತೆ."

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು? ಅವಳಿಗೆ ಒಂದು ದಿನ ಬಂದರೆ ಸಾಕಾಗಿತ್ತು.

ಪರೀಕ್ಷೆಯ ದಿನ ಅವಳನ್ನೂ ಒಳಗೆ ಕರೆದರು. ಹುಡುಗ ಉಸಿರು ಬಿಡದೆ ಎಲ್ಲವನ್ನೂ ಒಪ್ಪಿಸಿದ.

"ಅದನ್ನೇ ನಿನ್ ಮಾತಲ್ಲಿ ಹೇಳು ನೋಡೋಣ," ಎಂದಳು ಡಾಕ್ಟರಮ್ಮ.

ಅವನು ಅದನ್ನೇ ಅಕ್ಷರ ತಪ್ಪದೆ ಇನ್ನೊಮ್ಮೆ ಹೇಳಿದ.

"ಯಾರಾದ್ರೂ ಹೇಳ್ಕೊಟ್ರಾ, ಪುಟ್ಟ?"

"ಇಲ್ಲ. ನಾನೇ ಕಲ್ತೆ."

ಆಂಟಿಗೆ ಸುಳ್ಳು ಹೇಳಿಬಿಟ್ಟ! ಅಮ್ಮನಿಗಾಗಿ! ಇಷ್ಟು ದಿನ ಬಯಸಿದ್ದು ಇದನ್ನೇ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಅಮ್ಮಾ, ಇವ್ನಿಗೆ ನಿಜವಾಗ್ಲೂ ಅರ್ಥ ಆಗಿದೆಯಾ?" ಡಾಕ್ಟರಮ್ಮ ಅವಳತ್ತ ತಿರುಗಿದಳು. "ಆಗಿದ್ರೆ ಕೇಸ್ ಶುರು ಮಾಡ್ತಾರೆ."

ಪ್ರಶ್ನೆ ಅಮ್ಮನಿಗೆ. ಆದರೂ ಹುಡುಗ ತಾನೇ ಜೋರಾಗಿ ತಲೆಯಾಡಿಸಿದ, "ಹೌದು, ಹೌದು." ವಕೀಲರು ಹೆದರಿದ್ದ ಆ 'ಹೌದು' ಇದೇ ಎಂದು ಅವಳಿಗೆ ಹೊಳೆಯಿತು.

"ನಾನೇ ಬಾಯಿಪಾಠ ಮಾಡಿಸ್ದೆ ಡಾಕ್ಟ್ರೇ. ಅವ್ನಿಗೇನೂ ಗೊತ್ತಿಲ್ಲ."

ಹುಡುಗನ ಮುಖ ಸಣ್ಣಗಾಯಿತು. "ನೀನೇ ತಾನೇ ಹೇಳ್ಬೇಡ ಅಂದಿದ್ದು!" ಅಳುತ್ತಾ ಎದ್ದವನು ಡಾಕ್ಟರಮ್ಮನ ಕುರ್ಚಿಯ ಹಿಂದೆ ಅಡಗಿ ನಿಂತ.

"ಇನ್ನೂ ಕೆಲವು ತಿಂಗಳು ನನ್ ಹತ್ರ ಕರ್ಕೊಂಡ್ ಬರ್ಬೇಕಾಗುತ್ತೆ," ಎಂದಳು ಡಾಕ್ಟರಮ್ಮ.

"ಬರ್ತೀನಿ," ಎಂದಳು ಅವಳು. ಡಾಕ್ಟರಮ್ಮ ಅವನ ಕಣ್ಣೊರೆಸಿದಳು. ಅಮ್ಮ ಹೊಟ್ಟೆ ಉರಿದುಕೊಂಡೇ ನೋಡುತ್ತ ಕೂತಳು.